ಪಿರಮಿಡ್ಡಿನ ನಿಧಿಗೆ ಅಡವಾಗುವ ಬಳೆಗಳು

ಒಂದು ಕಾಲದಲ್ಲಿ ಜೂಜಿಗೆ ಒಂದು ವಿಳಾಸವಿತ್ತು. ಕೊಡಗಿನಲ್ಲಿ ಇಸ್ಪೀಟು ಎಲೆ ಬೀಳುವುದೆಲ್ಲಿ, ಕೋಳಿ ಅಂಕ ನಡೆಯುವುದು ಯಾವ ತೋಟದ ಮರೆಯಲ್ಲಿ, ಮಟ್ಕಾ ಚೀಟಿ ಬರೆಯುವವನು ಸಂತೆಯ ಯಾವ ಮೂಲೆಯಲ್ಲಿ ಕೂರುತ್ತಾನೆ ಎಂಬುದು ಊರಿಗೆ ಗೊತ್ತಿರುತ್ತಿತ್ತು. ಅಲ್ಲಿಗೆ ಹೋದವನನ್ನು ಯಾರಾದರೂ ನೋಡುತ್ತಿದ್ದರು. ನೋಡಿದವರು ಮನೆಗೆ ತಿಳಿಸುತ್ತಿದ್ದರು. ಜಮಾಅತ್‌ನ ಹಿರಿಯರು ಕರೆದು ಬುದ್ಧಿ ಹೇಳುತ್ತಿದ್ದರು. ಒಂದಂಕಿ ಲಾಟರಿಯ ಹಾವಳಿ ಮಿತಿಮೀರಿದಾಗಲೂ ಅದಕ್ಕೊಂದು ಅಂಗಡಿಯಿತ್ತು, ಅಂಗಡಿಗೊಂದು ಬಾಗಿಲಿತ್ತು. ಆದ್ದರಿಂದಲೇ 2007ರಲ್ಲಿ ಕರ್ನಾಟಕ ಸರಕಾರ ಲಾಟರಿಯನ್ನು ನಿಷೇಧಿಸಿದಾಗ ಆ ಬಾಗಿಲು ಮುಚ್ಚಿಸುವುದು ಸಾಧ್ಯವಾಯಿತು.

ಇಂದಿನ ಜೂಜಿಗೆ ಬಾಗಿಲಿಲ್ಲ. ಅದು ಮಗನ ದಿಂಬಿನ ಅಡಿಯಲ್ಲಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ಸಾಲ ಮಾಡಿ ಕೊಂಡ ಮೊಬೈಲು, ಗಲ್ಫಿನಲ್ಲಿರುವ ತಂದೆ ರಜೆಗೆ ಬಂದಾಗ ತಂದುಕೊಟ್ಟ ಮೊಬೈಲು, ತೋಟದ ಲೈನುಮನೆಯಲ್ಲೂ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದ ಅದೇ ಮೊಬೈಲು. ಪಕ್ಕದ ಕೋಣೆಯಲ್ಲಿ ತಾಯಿ ತಹಜ್ಜುದ್‌ಗೆ ಎದ್ದಿರುತ್ತಾಳೆ. ಮಗನೂ ಎಚ್ಚರವಾಗಿಯೇ ಇರುತ್ತಾನೆ. ಅವನು ಈಜಿಪ್ಟಿನಲ್ಲಿರುತ್ತಾನೆ!

ಇದು ಅಲಂಕಾರದ ಮಾತಲ್ಲ. ಆನ್‌ಲೈನ್ ಕ್ಯಾಸಿನೋಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಆಡಲ್ಪಡುವ ಆಟಗಳಲ್ಲಿ ಪ್ರಾಚೀನ ಈಜಿಪ್ಟಿನ ವೇಷ ತೊಟ್ಟವುಗಳದ್ದೇ ಒಂದು ದೊಡ್ಡ ಕುಟುಂಬ. ಆಸ್ಟ್ರಿಯಾದ ನೋವೋಮ್ಯಾಟಿಕ್ ಕಂಪೆನಿಯ 'ಬುಕ್ ಆಫ್ ರಾ' ಈ ದಾರಿ ತೋರಿಸಿತು. ಸ್ವೀಡನ್ನಿನ ಪ್ಲೇ ಎನ್ ಗೋ ಕಂಪೆನಿ 2016ರಲ್ಲಿ 'ಬುಕ್ ಆಫ್ ಡೆಡ್' ತಂದಿತು. ನಂತರ ಬಂದ ನಕಲುಗಳಿಗೆ ಲೆಕ್ಕವಿಲ್ಲ. ಟೋಪಿ ಧರಿಸಿದ ಒಬ್ಬ ಸಾಹಸಿ, ಮರಳುಗಾಡು, ಸಮಾಧಿಯ ಕಲ್ಲುಕಂಬಗಳು, ಫಿರ್‌ಔನನ ಚಿನ್ನದ ಮುಖವಾಡ. ಐದು ಕಂಬಸಾಲುಗಳು ಗಿರ್ರನೆ ತಿರುಗಿ ನಿಲ್ಲುತ್ತವೆ. ಒಂದು ಮಂತ್ರಪುಸ್ತಕ ಮೂರು ಕಡೆ ಕಾಣಿಸಿದರೆ ಹತ್ತು ಬಾರಿ ಬಿಟ್ಟಿಯಾಗಿ ತಿರುಗಿಸುವ ಅವಕಾಶ. ನೋಡಿದವರಿಗೆ ಮಕ್ಕಳ ಸಾಹಸಕಥೆಯೆಂದೇ ಅನ್ನಿಸಬೇಕು, ಹಾಗೆ ಅದನ್ನು ಹೆಣೆಯಲಾಗಿದೆ. ಆದರೆ ಒಳಗಿರುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸಾರಾಯಿ ಅಂಗಡಿಗಳಲ್ಲಿ ನಾಣ್ಯ ನುಂಗುತ್ತಿದ್ದ ಅದೇ ಯಂತ್ರ. ಅದರ ಹಿಡಿಕೆ ಹೋಗಿದೆ, ಹಸಿವು ಹೋಗಿಲ್ಲ.

ನಮ್ಮ ಮಕ್ಕಳಿಗೆ ಈಜಿಪ್ಟ್ ಅಪರಿಚಿತ ದೇಶವಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಮದ್ರಸದ ಚಾಪೆಯ ಮೇಲೆ ಕುಳಿತು ಅವರು ಮೊದಲು ಕೇಳಿದ ಕಥೆಗಳು ಅಲ್ಲಿಯವೇ. ನದಿಗೆ ಬಿಡಲಾದ ಶಿಶು ಮೂಸಾ(ಅ), ಬರಗಾಲಕ್ಕೆ ಮುಂಚೆಯೇ ಏಳು ವರ್ಷ ಧಾನ್ಯ ಕೂಡಿಟ್ಟು ಜನರ ಹಸಿವು ನೀಗಿಸಿದ ಯೂಸುಫ್(ಅ), ಖಜಾನೆಯ ಕೀಲಿಕೈಗಳನ್ನು ಹೊರಲು ಬಲಿಷ್ಠರ ಗುಂಪೇ ಬೇಕಾಗಿದ್ದರೂ ಮನೆಸಮೇತ ಭೂಮಿಯೊಳಗೆ ಕುಸಿದ ಕಾರೂನ್. ಆ ನಾಡಿನ ಕುರಿತು ಕುರ್‌ಆನ್ ಹೇಳಿದ್ದು ಉಳಿತಾಯದ, ದುಡಿಮೆಯ, ಬಿಡುಗಡೆಯ ಕಥೆ. ಮೊಬೈಲಿನ ಈಜಿಪ್ಟಿನಲ್ಲಿ ಯೂಸುಫರ ಕಣಜವಿಲ್ಲ, ಕಾರೂನನ ಖಜಾನೆ ಮಾತ್ರವಿದೆ. ನಿಜವಾದ ಈಜಿಪ್ಟಿನಲ್ಲೂ ನಿಧಿ ಹೀಗೆ ಸಿಗುವುದಿಲ್ಲ. 1922ರ ನವೆಂಬರಿನಲ್ಲಿ ತೂತಾಂಖಾಮೂನನ ಸಮಾಧಿಯನ್ನು ಕಂಡ ಹೋವರ್ಡ್ ಕಾರ್ಟರ್ ಅದಕ್ಕೆ ಮುಂಚೆ ವರ್ಷಗಟ್ಟಲೆ ಬರಿಗೈಯಲ್ಲಿ ಮಣ್ಣು ಅಗೆಸಿದ್ದರು. ಸಿಕ್ಕಿದ ಐದು ಸಾವಿರಕ್ಕೂ ಮಿಕ್ಕಿದ ವಸ್ತುಗಳನ್ನು ಹೊರತೆಗೆದು ದಾಖಲಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ನಿಧಿ ಈಜಿಪ್ಟಿನ ಸೊತ್ತಾಗಿಯೇ ಉಳಿಯಿತು. ಇನ್ನೊಂದು ವ್ಯಂಗ್ಯವನ್ನೂ ಗಮನಿಸಿ: ಈಜಿಪ್ಟಿನ ಹೊಟೇಲುಗಳಲ್ಲಿರುವ ಕ್ಯಾಸಿನೋಗಳಿಗೆ ವಿದೇಶಿಯರಿಗೆ ಮಾತ್ರ ಪ್ರವೇಶ, ಸ್ವಂತ ಪ್ರಜೆಗಳಿಗೆ ಇಲ್ಲ. ಪಿರಮಿಡ್ಡಿನ ನೆರಳಲ್ಲೇ ಬದುಕುವ ಯುವಕನಿಗೆ ಅಲ್ಲಿನ ಸರಕಾರ ಮುಚ್ಚಿಟ್ಟ ಬಾಗಿಲು ವಿರಾಜಪೇಟೆಯ, ಸಿದ್ದಾಪುರದ, ಕುಶಾಲನಗರದ ಯುವಕನಿಗೆ ಅಂಗೈಯಲ್ಲಿ ತೆರೆದಿದೆ.

ಈಗ ಲೆಕ್ಕಕ್ಕೆ ಬರೋಣ. ಜೂಜು ಹರಾಮ್ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಹದಿಹರೆಯದವನ ತಲೆಯಲ್ಲಿರುವುದು ಬೇರೆ ಪ್ರಶ್ನೆ: ಗೆದ್ದವರೂ ಇದ್ದಾರಲ್ಲ? ಹೌದು, ಇದ್ದಾರೆ. ಯಂತ್ರವನ್ನು ಹಾಗೆಯೇ ರಚಿಸಲಾಗಿದೆ. 'ಬುಕ್ ಆಫ್ ಡೆಡ್' ಆಟದಲ್ಲಿ ಆಟಗಾರರು ಹೂಡುವ ನೂರು ರೂಪಾಯಿಯಲ್ಲಿ ಸರಾಸರಿ 96 ರೂಪಾಯಿ 21 ಪೈಸೆ ಮರಳುತ್ತದೆಯೆಂದು ತಯಾರಕರೇ ಪ್ರಕಟಿಸಿದ್ದಾರೆ. ಕೇಳಲು ಉದಾರವಾಗಿದೆ. ಆದರೆ ಒಂದು ಸುತ್ತಿಗೆ ಆರು ಸೆಕೆಂಡು ಸಾಕು. ಸುತ್ತಿಗೆ ಹತ್ತು ರೂಪಾಯಿಯಂತೆ ಗಂಟೆಗೆ ಆರುನೂರು ಸುತ್ತು, ಆರು ಸಾವಿರ ರೂಪಾಯಿಯ ಪಣ. ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳಾದರೆ ಪಣದ ಒಟ್ಟು ಮೊತ್ತ 3 ಲಕ್ಷ 60 ಸಾವಿರ. ಅದರಲ್ಲಿ ಮರಳದ ಭಾಗ ಸರಾಸರಿ 13,600 ರೂಪಾಯಿ. ತೋಟದ ಕಾರ್ಮಿಕನೊಬ್ಬನ ತಿಂಗಳ ಕೂಲಿಯ ಆಸುಪಾಸಿನ ಮೊತ್ತವದು. ಇದು ಅತ್ಯಂತ ಚಿಕ್ಕ ಪಣದ, ಅತ್ಯಂತ ಪ್ರಾಮಾಣಿಕ ಯಂತ್ರದ ಲೆಕ್ಕ. ಇದೇ ಆಟವನ್ನು ಶೇಕಡಾ 87ರ, 84ರ ಮಟ್ಟಕ್ಕೆ ಇಳಿಸಿ ನಡೆಸಲೂ ಕ್ಯಾಸಿನೋದವರಿಗೆ ಅವಕಾಶವಿದೆ. ವಾಟ್ಸಪ್ಪಿನಲ್ಲಿ ಲಿಂಕ್ ಕಳುಹಿಸುವ ಏಜೆಂಟನ ನಕಲಿ ಆಟದಲ್ಲಿ ಎಷ್ಟು ಮರಳುತ್ತದೆ ಎಂಬುದಕ್ಕೆ ತಯಾರಕನೂ ಇಲ್ಲ, ತನಿಖೆಯೂ ಇಲ್ಲ.

ಮನೋವಿಜ್ಞಾನಿಗಳು ಗುರುತಿಸಿರುವ ಇನ್ನೆರಡು ತಂತ್ರಗಳನ್ನು ಪೋಷಕರು ತಿಳಿದಿರಬೇಕು. ಇಪ್ಪತ್ತು ರೂಪಾಯಿ ಹೂಡಿದವನಿಗೆ ಎಂಟು ರೂಪಾಯಿ ಬಂದಾಗಲೂ ಗಂಟೆ ಮೊಳಗುತ್ತದೆ, ಚಿನ್ನದ ನಾಣ್ಯ ಸುರಿಯುತ್ತದೆ. ಹನ್ನೆರಡು ರೂಪಾಯಿ ಸೋತವನ ಮಿದುಳು ಗೆದ್ದೆನೆಂದು ದಾಖಲಿಸಿಕೊಳ್ಳುತ್ತದೆ. ಮೂರನೆಯ ಪುಸ್ತಕ ಕೂದಲೆಳೆಯಲ್ಲಿ ತಪ್ಪಿದಂತೆ ಕಾಣುವುದು ಎರಡನೆಯದು. ಅಲ್ಲಿ ಯಾವುದೂ ತಪ್ಪಿರುವುದಿಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಆರಿಸಿ ಮುಗಿಸಿರುತ್ತದೆ. ತಿರುಗುವ ಚಿತ್ರಗಳೆಲ್ಲ ಆಮೇಲಿನ ನಾಟಕ. ಹಿಂದಿನ ಸೋಲನ್ನು ಅದು ನೆನಪಿಡುವುದಿಲ್ಲ, ಮುಂದಿನ ಗೆಲುವಿಗೆ ಸರದಿ ಹಚ್ಚುವುದೂ ಇಲ್ಲ. 'ಇಷ್ಟು ಹೊತ್ತು ಸೋತೆ, ಇನ್ನೀಗ ಬರಲೇಬೇಕು' ಎಂದು ರಾತ್ರಿ ಎರಡು ಗಂಟೆಗೆ ಕಾದಿರುವ ಹುಡುಗ ಕಾದಿರುವುದು ಯಾರನ್ನು?

ಆಟದಲ್ಲಿ ಸೋಲುವುದು ಈ ವ್ಯವಹಾರದ ಒಂದು ಮುಖ ಮಾತ್ರ. ಸೋತವನಿಗೆ ಏಜೆಂಟ್ ಇನ್ನೊಂದು ದಾರಿ ತೋರಿಸುತ್ತಾನೆ: ನಿನ್ನ ಬ್ಯಾಂಕ್ ಖಾತೆಯನ್ನೂ ಸಿಮ್ ಕಾರ್ಡನ್ನೂ ಬಾಡಿಗೆಗೆ ಕೊಡು. ಇಂತಹ ಹಣವನ್ನು ಕಂಪೆನಿಗಳು ನೇರವಾಗಿ ಪಡೆಯುವುದಿಲ್ಲ. ಅದು ಸಾಮಾನ್ಯ ಜನರ, ಹೆಚ್ಚಾಗಿ ವಿದ್ಯಾರ್ಥಿಗಳ ಮತ್ತು ಬಡವರ ಖಾತೆಗಳ ಮೂಲಕ ಹರಿದು ಹೋಗುತ್ತದೆ. ಪೊಲೀಸರು ಬಂದು ನಿಲ್ಲುವುದು ಕ್ಯುರಸಾವೊ ದ್ವೀಪದಲ್ಲಿ ಪರವಾನಗಿ ಪಡೆದ ಮಾಲಕನ ಮನೆಯ ಮುಂದಲ್ಲ, ಖಾತೆದಾರನ ಮನೆಯ ಮುಂದೆ. ಅವನ ಖಾತೆ ಸ್ತಂಭನವಾಗುತ್ತದೆ. ವಿದ್ಯಾರ್ಥಿವೇತನವೂ ಗಲ್ಫಿನಿಂದ ತಂದೆ ಕಳುಹಿಸಿದ ಹಣವೂ ಅದರೊಳಗೇ ಸಿಕ್ಕಿಬೀಳುತ್ತವೆ. ಖಾತೆದಾರನ ಹೆಸರು ನಮ್ಮವರದ್ದಾದರೆ ಕೆಲವು ಟಿ.ವಿ. ಚಾನೆಲ್‌ಗಳು ಆ ಸುದ್ದಿಗೆ ಯಾವ ಬಣ್ಣ ಬಳಿಯುತ್ತವೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಸರಕಾರಗಳು ಏನು ಮಾಡಿದವು? ಕರ್ನಾಟಕ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿ 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂದು, ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ರಮ್ಮಿಯ ಕುರಿತು ಆ ವಾದ ಏನೇ ಇರಲಿ, ಈಜಿಪ್ಟಿನ ಈ ಯಂತ್ರದಲ್ಲಿ ಕೌಶಲದ ಗಂಧವೂ ಇಲ್ಲ. ಇದು ಹಿಂದೆಯೂ ಕಾನೂನಿನ ಆಶ್ರಯದಲ್ಲಿರಲಿಲ್ಲ. ಆದರೂ ಇತ್ತು. 2023ರ ಅಕ್ಟೋಬರಿನಿಂದ ಕೇಂದ್ರ ಸರಕಾರ ಆನ್‌ಲೈನ್ ಪಣದ ಪೂರ್ಣ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ವಿಧಿಸಿತು. ಅಂದರೆ, ಕೆಡುಕೆಂದು ಒಪ್ಪುತ್ತಲೇ ಅದರಿಂದ ಪಾಲು ಪಡೆಯಿತು. ಕೊನೆಗೆ 2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಉಭಯ ಸದನಗಳೂ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಅಂಗೀಕರಿಸಿದವು. ಮರುದಿನವೇ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಹೂಡುವ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿಯವರೆಗೆ ದಂಡ, ಜಾಹೀರಾತಿಗೂ ಶಿಕ್ಷೆ, ಆಡಿದವನಿಗೆ ಶಿಕ್ಷೆಯಿಲ್ಲ. ಸುಮಾರು 45 ಕೋಟಿ ಜನರು ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಆಗ ಸರಕಾರವೇ ಮುಂದಿಟ್ಟ ಅಂದಾಜು.

ಈ ಕಾಯಿದೆಯನ್ನು ನಾವು ಸ್ವಾಗತಿಸುತ್ತೇವೆ. ಆಟಗಾರನನ್ನು ಅಪರಾಧಿಯೆನ್ನದೆ ಬಲಿಪಶುವೆಂದು ಕಂಡದ್ದು ಅದರ ಅತ್ಯಂತ ವಿವೇಕದ ಭಾಗ. ಆದರೆ ಮೊಬೈಲಿನಲ್ಲಿ ಅಪರಾಧವಾದುದು ಗೋವಾದ ಹಡಗಿನಲ್ಲಿ ಪ್ರವಾಸೋದ್ಯಮವಾಗುವುದು ಹೇಗೆ? ಕುದುರೆಯ ಬಾಲಕ್ಕೆ ಕಟ್ಟಿದ ಹಣ ಕ್ರೀಡೆಯಾಗುವುದು ಹೇಗೆ? 2025ರ ಸೆಪ್ಟೆಂಬರಿನಲ್ಲಿ ಇವುಗಳ ತೆರಿಗೆಯನ್ನು ಶೇಕಡಾ 40ಕ್ಕೆ ಏರಿಸಲಾಯಿತು, ಅಷ್ಟೆ. ಮಾಕುಟ್ಟದ ಘಾಟಿ ಇಳಿದರೆ ಕೇರಳ. ಅಲ್ಲಿ 1967ರಿಂದ ಲಾಟರಿ ನಡೆಸುತ್ತಿರುವುದು ಸರಕಾರವೇ. ಅದರ ಆದಾಯದಿಂದ ಬಡ ರೋಗಿಗಳ ಚಿಕಿತ್ಸೆಗೆ ನೆರವು ಕೊಡುವ ಕಾರುಣ್ಯ ನಿಧಿಯೂ ಇದೆ. ಒಳ್ಳೆಯ ಕೆಲಸವಲ್ಲವೇ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ.

ಈ ಪ್ರಶ್ನೆ ಹದಿನಾಲ್ಕು ಶತಮಾನಗಳಷ್ಟು ಹಳೆಯದು. ಅಜ್ಞಾನ ಕಾಲದ ಅರಬರು ಒಂಟೆಯನ್ನು ಕೊಯ್ದು, ಬಾಣಗಳನ್ನೆಳೆದು ಮಾಂಸದ ಪಾಲಿಗೆ ಜೂಜಾಡುತ್ತಿದ್ದರು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿಬಿಡುವುದೇ ಗೌರವವಾಗಿತ್ತೆಂದು ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ಅಂದರೆ, ಕುರ್‌ಆನ್ ನಿಷೇಧಿಸಿದ ಜೂಜು ಹಸಿದವರ ಹೊಟ್ಟೆ ತುಂಬಿಸುತ್ತಿದ್ದ ಜೂಜು! ಅಲ್‌ಬಕರ ಅಧ್ಯಾಯ ಅದರಲ್ಲಿ ಪ್ರಯೋಜನವಿದೆಯೆಂಬುದನ್ನು ಅಲ್ಲಗಳೆಯುವುದಿಲ್ಲ, ಕೆಡುಕಿನ ತೂಕ ಅದಕ್ಕಿಂತ ಹೆಚ್ಚೆನ್ನುತ್ತದೆ. ಅಲ್‌ಮಾಇದ ಅಧ್ಯಾಯ ಅದನ್ನು ಮದ್ಯದ ಜೊತೆಗಿಟ್ಟು, ಮನುಷ್ಯರ ನಡುವೆ ಹಗೆ ಹುಟ್ಟಿಸುವುದನ್ನು ಕಾರಣವಾಗಿ ಮುಂದಿಡುತ್ತದೆ. ಅಡವಿಟ್ಟ ಮಹರ್‌ನ ಬಳೆಗಾಗಿ ಗಂಡ ಹೆಂಡತಿ ಮಾತು ಬಿಟ್ಟಿರುವ ಮನೆಯಲ್ಲಿ ಆ ಸೂಕ್ತಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಹಾಗಾದರೆ ಜಮಾಅತ್‌ಗಳು ಏನು ಮಾಡುತ್ತಿವೆ? ಮದುವೆಯ ಊಟದ ಐಟಂಗಳ ಬಗ್ಗೆ, ಹುಡುಗರ ಕೇಶವಿನ್ಯಾಸದ ಬಗ್ಗೆ ಮಿಂಬರ್‌ಗಳು ಕಳಕಳಿ ತೋರಿದ್ದುಂಟು. ಮೊಬೈಲ್ ಜೂಜಿನ ಬಗ್ಗೆ ಒಂದು ವಾಕ್ಯ ಬಂದರೆ ಹೆಚ್ಚು, ಅದೂ 'ಮೊಬೈಲೇ ಹಾಳು' ಎಂಬಷ್ಟಕ್ಕೆ ಮುಗಿಯುತ್ತದೆ. ಮನೆಗಳಲ್ಲೋ ಮೌನ. ಮಗ ಕುಡಿದು ಬಂದರೆ ವಾಸನೆ ಹೇಳುತ್ತದೆ. ಜೂಜಿಗೆ ವಾಸನೆಯಿಲ್ಲ. ತಿಳಿಯುವ ಹೊತ್ತಿಗೆ ತಾಯಿಯ ಬಳೆ ಫೈನಾನ್ಸ್ ಅಂಗಡಿಯಲ್ಲಿರುತ್ತದೆ, ಸಾಲದ ಆ್ಯಪುಗಳು ಫೋನಿನಲ್ಲಿರುವ ಬಂಧುಗಳ ನಂಬರುಗಳಿಗೆಲ್ಲ ಬೆದರಿಕೆ ಕಳುಹಿಸಿಯಾಗಿರುತ್ತದೆ. ಆಗಲೂ ತಾಯಿ ಗಲ್ಫಿನಲ್ಲಿರುವ ಗಂಡನಿಂದ ಮುಚ್ಚಿಡುತ್ತಾಳೆ. ಇದು ಅವಳ ದೋಷವೆಂದು ನಾವು ಹೇಳಲಾರೆವು. ತಿಳಿದರೆ ಮಗನ ಮರ್ಯಾದೆ ಊರಿನಲ್ಲಿ ಹರಾಜಾಗುತ್ತದೆಂಬ ಅವಳ ಭಯಕ್ಕೆ ಆಧಾರವಿದೆ. ತಂಗಿಯ ಸಂಬಂಧ ಮುರಿಯುತ್ತದೆ, ಜಮಾಅತ್‌ನ ಸಭೆಯಲ್ಲಿ ಹೆಸರು ಎತ್ತಲಾಗುತ್ತದೆ. ಇಂತಹ ಕತ್ತಲಲ್ಲೇ ಯುವಕರು ನದಿಯನ್ನೋ ಹಗ್ಗವನ್ನೋ ನೆನೆಯುವುದು.

ಸಾಲಗಾರನಿಗೂ ಝಕಾತ್‌ನಲ್ಲಿ ಹಕ್ಕಿದೆ. ಕೆಡುಕಿಗಾಗಿ ಸಾಲ ಮಾಡಿದವನಿಗೆ? ಪ್ರಾಮಾಣಿಕವಾಗಿ ತೌಬಾ ಮಾಡಿ ಮರಳಿದವನಿಗೆ ಆ ಬಾಗಿಲು ಮುಚ್ಚಿಲ್ಲ ಎಂಬ ಅಭಿಪ್ರಾಯ ಶಾಫಿಈ ವಿದ್ವಾಂಸರಲ್ಲೂ ಇದೆ. ಕೊಡಗಿನ ಉಲಮಾಗಳು ಇದನ್ನು ಬಿಡಿಸಿ ಹೇಳಬೇಕೆಂದು ನಾವು ವಿನಂತಿಸುತ್ತೇವೆ. ಹಣವನ್ನು ಅವನ ಕೈಗೆ ಕೊಡಬೇಕಾಗಿಲ್ಲ. ಏಜೆಂಟನ ಬಾಕಿಗೆ ಒಂದು ಪೈಸೆಯೂ ಸಲ್ಲಬೇಕಾಗಿಲ್ಲ. ಅಡವು ಅಂಗಡಿಗೆ ನೇರವಾಗಿ ಕಟ್ಟಿ ಬಳೆಯನ್ನು ತಾಯಿಗೆ ಮರಳಿಸಬಹುದು. 2018ರ ಭೂಕುಸಿತದಲ್ಲೂ 2019ರಲ್ಲಿ ಕಾವೇರಿ ಉಕ್ಕಿ ನೆಲ್ಲಿಹುದಿಕೇರಿ, ಕರಡಿಗೋಡಿನ ಮನೆಗಳನ್ನು ಕೊಚ್ಚಿಕೊಂಡು ಹೋದಾಗಲೂ ಯಾವ ಜಾತಿಯೆಂದು ಕೇಳದೆ ಅನ್ನ ಬೇಯಿಸಿದ ಜಿಲ್ಲೆ ಇದು. ಸದ್ದಿಲ್ಲದೆ ಕುಸಿಯುವ ಮನೆಗೆ ಅಷ್ಟೇ ಸದ್ದಿಲ್ಲದೆ ನೆರವಾಗಲು ಅದಕ್ಕೆ ಸಾಧ್ಯವಿಲ್ಲವೇ?

ವೈದ್ಯಕೀಯ ನೆರವೂ ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ತಂತ್ರಜ್ಞಾನದ ವ್ಯಸನಕ್ಕೆಂದೇ 'ಶಟ್' ಚಿಕಿತ್ಸಾಲಯ ನಡೆಸುತ್ತಿದೆ. 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಸಲಹೆಗಾರರು ಕನ್ನಡದಲ್ಲೇ, ಶುಲ್ಕವಿಲ್ಲದೆ ಮಾತನಾಡುತ್ತಾರೆ. ಖಾತೆಯಿಂದ ಹಣ ವಂಚನೆಯಾಗಿದ್ದರೆ 1930. ಈ ಎರಡು ಸಂಖ್ಯೆಗಳನ್ನು ಮಸೀದಿಯ ಸೂಚನಾ ಫಲಕದಲ್ಲಿ, ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲಿ ಬರೆಯಲು ಯಾವ ಫತ್ವಾದ ಅಗತ್ಯವೂ ಇಲ್ಲ.

ರೊಬಸ್ಟಾ ಕೊಯ್ಲು ಜನವರಿಗೆ ಆರಂಭವಾಗುತ್ತದೆ. ತೋಟದ ಮನೆಗಳಲ್ಲಿ ವರ್ಷದ ನಗದು ಓಡಾಡುವ ತಿಂಗಳುಗಳವು. ಅದಕ್ಕೆ ಮುನ್ನ ಪ್ರತಿಯೊಂದು ಮಹಲ್ಲಿನಲ್ಲಿ ಒಂದು ಶುಕ್ರವಾರದ ಖುತ್ಬಾ ಈ ಲೆಕ್ಕಕ್ಕೆ ಮೀಸಲಾಗಲಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರನ್ನು ಕರೆಸಿ, ಯುಪಿಐ ಮಿತಿಯನ್ನು ಇಳಿಸುವುದು ಹೇಗೆ, ಪಾಸ್‌ಬುಕ್ ಓದುವುದು ಹೇಗೆ ಎಂದು ಒಂದು ಸಂಜೆ ತಾಯಂದಿರಿಗೆ ಹೇಳಿಕೊಡಲಿ. ಮದ್ರಸದ ಹಿರಿಯ ತರಗತಿಯಲ್ಲಿ ಉಸ್ತಾದರು ಕಾರೂನನ ಪಾಠಕ್ಕೆ ಬಂದಾಗ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯಲಿ: ಹತ್ತು ರೂಪಾಯಿ, ಆರುನೂರು ಸುತ್ತು, ಎರಡು ಗಂಟೆ, ಮೂವತ್ತು ದಿನ. ಗುಣಾಕಾರವನ್ನು ಮಕ್ಕಳೇ ಮಾಡಲಿ.