ಸಬ್ಸಿಡಿ ಎಷ್ಟು ಅನ್ನೋದು ಆಮೇಲೆ, ಗಿರಾಕಿ ಯಾರು ಅನ್ನೋದು ಮೊದಲು

ಮಾಗಡಿ ಕಡೆಯ ಒಬ್ಬ ಹುಡುಗ ಮೊನ್ನೆ ನಮಗೆ ಫೋನ್ ಮಾಡಿದ್ದ. "ಅಣ್ಣ, ಊರಲ್ಲೇ ಗಾಣದೆಣ್ಣೆ ಮಾಡ್ಬೇಕು ಅಂತಿದೀನಿ. ಸಬ್ಸಿಡಿ ಎಷ್ಟು ಬರುತ್ತೆ?"

"ಎಣ್ಣೆ ಯಾರಿಗೆ ಮಾರ್ತೀಯಪ್ಪ?" ಅಂದೆವು.

"ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು ಬುಡಣ್ಣ."

ಮನೆ ಮುಳುಗಿಸುವುದು ಈ 'ಆಮೇಲೆ'ನೇ. ಹುಡುಗನನ್ನು ನಾವು ಬೈಯುವುದಿಲ್ಲ. ಸಾಲಮೇಳದ ವೇದಿಕೆ ಹತ್ತಿ "ಕೆಲಸ ಕೇಳಬೇಡಿ, ಕೆಲಸ ಕೊಡುವವರಾಗಿ" ಎಂದು ಭಾಷಣ ಬಿಗಿದು ಹೋಗುವವರನ್ನು ಬೈಯುತ್ತೇವೆ. "ತಿಂಗಳಿಗೆ ಲಕ್ಷ ಸಂಪಾದಿಸಿ" ಎಂದು ಯೂಟ್ಯೂಬಲ್ಲಿ ಕೂಗುವವರನ್ನು ಬೈಯುತ್ತೇವೆ. ಕಂತು ಕಟ್ಟುವ ದಿನ ಇವರ‍್ಯಾರೂ ಬರುವುದಿಲ್ಲ.

ಸಬ್ಸಿಡಿಯ ಲೆಕ್ಕವನ್ನೇ ನೋಡಿ. ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ ಶೇ. 35. ಹತ್ತು ಲಕ್ಷದ ಘಟಕಕ್ಕೆ ಹೆಚ್ಚೆಂದರೆ ಮೂರೂವರೆ ಲಕ್ಷ. ಅದೂ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಮಿಕ್ಕ ಆರೂವರೆ ಲಕ್ಷ ಯಾರದು? ನಿಮ್ಮದು. ನಿಮ್ಮ ಅವ್ವನ ಕಿವಿಯ ಓಲೆಯದು.

ಗಿರಾಕಿ ಇದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ರೇಷ್ಮೆಯನ್ನೇ ನೋಡಿ. ರೇಟು ಬಿದ್ದಾಗ ಬೈದುಕೊಂಡರೂ ಕನಕಪುರದ ರೈತ ಹಿಪ್ಪುನೇರಳೆ ಕಿತ್ತು ಹಾಕುವ ಮೊದಲು ಹತ್ತು ಸಲ ಯೋಚಿಸುತ್ತಾನೆ. ಯಾಕೆ? ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ತಂದರೆ ಹರಾಜು ಕೂಗುವ ರೀಲರ್‌ಗಳು ಅಲ್ಲಿ ಇರುತ್ತಾರೆ.

ಇನ್ನೊಂದು ಕಡೆ, 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಊರ ಹೊರಗೇ ಹೋಗತೊಡಗಿದವು. ಚನ್ನಪಟ್ಟಣದ ಹಳೇ ರಸ್ತೆಯ ಬೊಂಬೆ ಅಂಗಡಿಗಳು, ಹೋಟೆಲುಗಳು ಮಂಕಾದವು. ಬೊಂಬೆಯ ಬಣ್ಣ ಕೆಟ್ಟಿರಲಿಲ್ಲ, ಇಡ್ಲಿಯ ರುಚಿ ಕೆಟ್ಟಿರಲಿಲ್ಲ. ಗಿರಾಕಿಯ ದಾರಿ ಬದಲಾಗಿತ್ತು, ಅಷ್ಟೇ. ತಲೆಮಾರುಗಳ ಕಸುಬಿಗೇ ಹೀಗಾದರೆ ನಿನ್ನೆ ಹುಟ್ಟಿದ ಐಡಿಯಾದ ಗತಿಯೇನು?

"ಹಾಗಾದ್ರೆ ಹೊಸದೇನೂ ಮಾಡ್ಲೇಬಾರದಾ?" ಅಂತ ಕೇಳುತ್ತೀರಿ. ಮಾಡಿ. ಆದರೆ ಮಿಲ್ಲಿನಿಂದ ಶುರು ಮಾಡಬೇಡಿ, ಎಣ್ಣೆಯಿಂದ ಶುರು ಮಾಡಿ. ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಇಪ್ಪತ್ತು ಲೀಟರ್ ಆಡಿಸಿಕೊಂಡು ಬನ್ನಿ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು. ಬೀಜ, ಕೂಲಿ, ಬಾಟ್ಲಿ, ಓಡಾಟ ಎಲ್ಲ ಬರೆದಿಡಿ. ಹಿಂಡಿ ಮಾರಿದ ದುಡ್ಡು ಕಳೆಯಿರಿ. ಆಗಲೂ ಅಂಗಡಿಯ ಪ್ಯಾಕೆಟ್ ಎಣ್ಣೆಗಿಂತ ನಿಮ್ಮ ರೇಟು ಬಹಳ ಮೇಲಿರುತ್ತದೆ. ಆ ರೇಟಿಗೆ ಸಂತೆಯಲ್ಲಿ, ಡೇರಿ ಹತ್ತಿರ, ಬೆಂಗಳೂರಿನ ನೆಂಟರ ಬೀದಿಯಲ್ಲಿ ಮಾರಿ ನೋಡಿ.

ಮೊದಲ ಬಾಟ್ಲಿಯನ್ನು ದಾಕ್ಷಿಣ್ಯಕ್ಕೆ ಯಾರಾದರೂ ಕೊಳ್ಳುತ್ತಾರೆ. ಮಾವ, ಭಾವ, ಸ್ನೇಹಿತರು ಗಿರಾಕಿಗಳಲ್ಲ. ಖಾಲಿ ಬಾಟ್ಲಿ ಹಿಡಿದು, ಕೇಳಿದಷ್ಟು ದುಡ್ಡು ಕೊಟ್ಟು ಎರಡನೇ ಸಲ ಬಂದವರು ಎಷ್ಟು ಜನ? ಅದನ್ನು ಎಣಿಸಿ. ಮೂರು ತಿಂಗಳು ಎಣಿಸಿ. ಜನ ಬರುತ್ತಿದ್ದರೆ ಬ್ಯಾಂಕಿಗೆ ಹೋಗಿ, ಅವತ್ತು ಸಬ್ಸಿಡಿ ಕೇಳಿ, ಹಕ್ಕಿನಿಂದ ಕೇಳಿ. ಬರದಿದ್ದರೆ ಅಲ್ಲಿಗೇ ಬಿಡಿ. ಹೋದದ್ದು ಕೆಲವು ಸಾವಿರ, ಉಳಿದದ್ದು ಜಮೀನು.

ಬಿಟ್ಟವನನ್ನು ಊರು ಹೇಡಿ ಅನ್ನಬಹುದು. ನಾವು ಅನ್ನುವುದಿಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾದ ಕಾಲ ಇದು. ಲೆಕ್ಕ ಹಾಕಿ 'ಬೇಡ' ಅಂದವನೂ ವ್ಯವಹಾರ ಬಲ್ಲವನೇ.

ಮುಂದಿನ ಸಾಲಮೇಳಕ್ಕೆ ಹೋದರೆ ಕೈ ಎತ್ತಿ ಒಂದು ಪ್ರಶ್ನೆ ಕೇಳಿ: "ಸ್ವಾಮಿ, ಸಾಲ ಕೊಡ್ತೀರಿ ಸರಿ. ನಾವು ಮಾಡಿದ್ದನ್ನ ಮಾರೋಕೆ ಜಾಗ ಎಲ್ಲಿ ಕೊಡ್ತೀರಿ?" ಉತ್ತರ ಸಿಕ್ಕರೆ ನಮಗೂ ತಿಳಿಸಿ, ಇಲ್ಲೇ ಬರೆಯುತ್ತೇವೆ.