ಲೆಕ್ಕ ನಮ್ಮದು, ಲೆಕ್ಕದ ಪುಸ್ತಕ ಯಾರದು?

ನಿವೃತ್ತಿಯ ನಂತರ ವಿಶ್ವವಿದ್ಯಾಲಯವೊಂದರ ಪರಿಶೀಲನಾ ಸಮಿತಿಯ ಸದಸ್ಯನಾಗಿದ್ದೆ. ಐದು ವರ್ಷಗಳಲ್ಲಿ ಅಲ್ಲಿನ ಅಧ್ಯಾಪಕರು ಪ್ರಕಟಿಸಿದ ಸಂಶೋಧನಾ ಲೇಖನಗಳೆಷ್ಟು ಎಂಬುದು ನಮ್ಮ ಮುಂದಿದ್ದ ಸರಳ ಪ್ರಶ್ನೆ. ಚಂದಾ ತೆತ್ತು ಪಡೆದ ಎರಡು ದತ್ತಸಂಚಯಗಳು ಎರಡು ಸಂಖ್ಯೆಗಳನ್ನು ಕೊಟ್ಟವು. ಗ್ರಂಥಪಾಲಕರು ತಾವೇ ಸಿದ್ಧಪಡಿಸಿಕೊಂಡಿದ್ದ ಪಟ್ಟಿ ಮೂರನೆಯದನ್ನು ಹೇಳಿತು. ಕನ್ನಡ ಮತ್ತು ಇತಿಹಾಸ ವಿಭಾಗಗಳ ಬಹುಪಾಲು ಬರಹ ಮೊದಲೆರಡರಲ್ಲಿ ಇರಲೇ ಇಲ್ಲ. ಆದರೂ ವರದಿಗೆ ಸೇರಿದ್ದು ಹಣ ಕೊಟ್ಟು ತಂದ ಸಂಖ್ಯೆಯೇ. ಅದಕ್ಕೆ ನಾನೂ ಸಹಿ ಹಾಕಿದೆ.

ಸರ್ಕಾರಿ ಸೇವೆಯಲ್ಲಿ ವೋಚರ್ ಇಲ್ಲದ ಒಂದು ಬಿಲ್ಲನ್ನೂ ನಾನು ಮಂಜೂರು ಮಾಡಿದವನಲ್ಲ. ಹಾಗಿದ್ದೂ ಮೂಲ ದಾಖಲೆ ನೋಡದೆ ಆ ಸಂಖ್ಯೆಯನ್ನು ಹೇಗೆ ಒಪ್ಪಿದೆ ಎಂಬ ಪ್ರಶ್ನೆ ಇಂದಿಗೂ ಕಾಡುತ್ತದೆ.

ಲೇಖನ ಯಾರು ಬರೆದರು, ಯಾವ ಸಂಸ್ಥೆಯವರು, ಯಾರ ಹಣದಿಂದ, ಅದನ್ನು ಯಾರು ಉಲ್ಲೇಖಿಸಿದರು ಎಂಬ ವಿವರಗಳೇ ಸಂಶೋಧನಾ ಮಾಹಿತಿ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಆರಂಭಿಸಿದ ವಿಜ್ಞಾನ ಉಲ್ಲೇಖ ಸೂಚಿ ಮೂಲತಃ ಹುಡುಕಾಟದ ಸಾಧನವಾಗಿತ್ತು. ಕ್ರಮೇಣ ಅದೇ ಅಳತೆಗೋಲಾಯಿತು. ಅದರ ಉತ್ತರಾಧಿಕಾರಿಯಾದ ವೆಬ್ ಆಫ್ ಸೈನ್ಸ್ ಮತ್ತು 2004ರಲ್ಲಿ ಬಂದ ಸ್ಕೋಪಸ್ ಎರಡೂ ಖಾಸಗಿ ಕಂಪನಿಗಳ ಸ್ವತ್ತು. 2016ರಿಂದ ಪ್ರಕಟವಾಗುತ್ತಿರುವ ನಮ್ಮ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆ ಪ್ರಕಟಣೆಗಳ ಲೆಕ್ಕಕ್ಕೆ ಇವನ್ನೇ ಅವಲಂಬಿಸಿದೆ. ಆ ಶ್ರೇಯಾಂಕ ನೋಡಿ ಪೋಷಕರು ಮಕ್ಕಳನ್ನು ಸೇರಿಸುತ್ತಾರೆ. ಸಂಸ್ಥೆಗಳ ಮಾನ ನಿರ್ಧಾರವಾಗುತ್ತದೆ. ಆದರೆ ಅದರ ಹಿಂದಿನ ದಾಖಲೆಯನ್ನು ಚಂದಾ ಕೊಡದ ನಾಗರಿಕ ಪರೀಕ್ಷಿಸಲಾರ.

ಅರ್ಥಶಾಸ್ತ್ರದ ದೃಷ್ಟಿಯಿಂದ ಇಂಥ ಮಾಹಿತಿ ಸಾರ್ವಜನಿಕ ಸರಕು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದು. ಸಂಶೋಧನೆಗೆ ತೆರಿಗೆದಾರ ಹಣ ಕೊಟ್ಟು, ಅದರ ಪಟ್ಟಿಗೆ ಮತ್ತೊಮ್ಮೆ ಬೆಲೆ ತೆರುವುದು ನ್ಯಾಯವಲ್ಲ.

ಪರ್ಯಾಯ ಇಲ್ಲವೆನ್ನುವಂತಿಲ್ಲ. ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯ 2024ರಿಂದ ವೆಬ್ ಆಫ್ ಸೈನ್ಸ್ ಚಂದಾ ನಿಲ್ಲಿಸಿ, 2022ರಲ್ಲಿ ಆರಂಭವಾದ ಓಪನ್‌ಅಲೆಕ್ಸ್ ಎಂಬ ಮುಕ್ತ ಸಂಚಯದತ್ತ ಹೊರಳಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹೊರಬಂದ ಬಾರ್ಸಿಲೋನಾ ಘೋಷಣೆ ಸಂಶೋಧನಾ ಮಾಹಿತಿ ಮುಕ್ತವಾಗಿರುವುದೇ ವಾಡಿಕೆಯಾಗಬೇಕೆಂದು ಸಾರಿತು. ನಾವು 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿರಿಸಿದ್ದೇವೆ. ಅದರಿಂದ ಓದುವ ಅವಕಾಶ ಹೆಚ್ಚಿತು, ಸಂತೋಷ. ಆದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಮುಕ್ತ ಸಂಚಯಗಳಲ್ಲಿ ದೋಷಗಳಿವೆ, ನಿಜ. ಲೇಖಕರ ಹೆಸರು, ಸಂಸ್ಥೆಯ ಹೆಸರು ಅದಲುಬದಲಾಗುವುದುಂಟು. ಆದರೆ ಅಲ್ಲಿನ ತಪ್ಪನ್ನು ಯಾರು ಬೇಕಾದರೂ ಕಾಣಬಹುದು, ತೋರಿಸಬಹುದು. ಮುಚ್ಚಿಟ್ಟ ಪುಸ್ತಕದ ತಪ್ಪಿಗೆ ಆ ಭಾಗ್ಯವಿಲ್ಲ.

ಇಲ್ಲಿ ಗ್ರಂಥಪಾಲಕರ ಮತ್ತು ಸಂಶೋಧನಾ ಆಡಳಿತಗಾರರ ಕೆಲಸ ದೊಡ್ಡದು, ಖರ್ಚು ಸಣ್ಣದು. ಪ್ರತಿ ಅಧ್ಯಾಪಕರಿಗೂ ಆರ್ಕಿಡ್ ಗುರುತು ಸಂಖ್ಯೆ ಇರುವಂತೆ ನೋಡಿಕೊಳ್ಳಲಿ. ವಿಶ್ವವಿದ್ಯಾಲಯಗಳು ಹೊರತರುವ ಕನ್ನಡದ ವಿದ್ವತ್ ಪತ್ರಿಕೆಗಳ ಲೇಖನಗಳನ್ನು ಸಾರಾಂಶ ಮತ್ತು ಉಲ್ಲೇಖಪಟ್ಟಿ ಸಹಿತ ಕ್ರಾಸ್‌ರೆಫ್‌ನಲ್ಲಿ ನೋಂದಾಯಿಸಲಿ. ನೋಂದಣಿಯಾಗದ ಬರಹ ಜಗತ್ತಿನ ಲೆಕ್ಕಕ್ಕೆ ಬರುವುದು ಕಷ್ಟ. ಚಂದಾ ನವೀಕರಿಸುವಾಗ, ತಮ್ಮದೇ ಸಂಸ್ಥೆಯ ದಾಖಲೆಯನ್ನು ಹೊರಗೆ ಪ್ರಕಟಿಸುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಲಿ. ಬಡ್ತಿ, ಅನುದಾನಗಳ ನಿರ್ಧಾರಕ್ಕೆ ಬಳಸಿದ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಶ್ರೇಯಾಂಕ ಕೊಡುವ ಸರ್ಕಾರವೂ ಇದೇ ನಿಯಮಕ್ಕೆ ಬದ್ಧವಾಗಲಿ.

ಯಾವ ಗ್ರಂಥಾಲಯವೂ ತನ್ನ ಪುಸ್ತಕಗಳ ಸೂಚಿಯನ್ನು ಓದುಗರಿಂದ ಬಚ್ಚಿಟ್ಟು ಬಾಳಲಾರದು. ದೇಶದ ಸಂಶೋಧನೆಯ ಸೂಚಿಗೂ ಇದೇ ಮಾತು ಸಲ್ಲುತ್ತದೆ. ಅಂದು ಆ ಗ್ರಂಥಪಾಲಕರ ಪಟ್ಟಿಯನ್ನು ತರಿಸಿ, ಮೂರನ್ನೂ ತಾಳೆ ನೋಡಿ ಎಂದು ನಾನು ಹೇಳಬೇಕಿತ್ತು. ಮುಂದಿನ ಸಮಿತಿಯಲ್ಲಿ ಕುಳಿತವರು ಸಹಿಗೆ ಮುನ್ನ ಅಷ್ಟನ್ನಾದರೂ ಕೇಳಲಿ.