ಅಂಪೈರ್‌ನನ್ನು ಎದುರಾಳಿ ಆರಿಸಬಾರದು

ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರಿಗೆ ಜಿಎಸ್‌ಟಿ ಆದೇಶ ಬಂತು ಅಂದುಕೊಳ್ಳೋಣ. ಹಾಕಿದ ತೆರಿಗೆ ತಪ್ಪು ಅನ್ನಿಸಿದರೆ ಮೊದಲ ಮೇಲ್ಮನವಿ ಹೋಗುವುದು ಅದೇ ಇಲಾಖೆಯ ಮೇಲಿನ ಅಧಿಕಾರಿಗೆ. ಅದಕ್ಕೂ ವಿವಾದದ ತೆರಿಗೆಯಲ್ಲಿ ಶೇ. 10 ಮೊದಲೇ ಕಟ್ಟಬೇಕು. ಅಲ್ಲೂ ಸೋತರೆ, ಇಲಾಖೆಯ ಹೊರಗೆ ಸಿಗುವ ಮೊದಲ ಬಾಗಿಲು ಜಿಎಸ್‌ಟಿ ಮೇಲ್ಮನವಿ ನ್ಯಾಯಮಂಡಳಿ.

ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಈ ನ್ಯಾಯಮಂಡಳಿಗೆ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 24ಕ್ಕೆ. ಎಂಟು ವರ್ಷ! ಅಷ್ಟರಲ್ಲಿ ಎರಡು ಬಿ.ಇ. ಮುಗಿಸಬಹುದು. ಅಲ್ಲಿಯವರೆಗೆ ಜಮಖಂಡಿ, ಮುಧೋಳ, ಬೀಳಗಿಯ ವ್ಯಾಪಾರಿಗಳು ಕಾಯಬೇಕು, ಇಲ್ಲವೇ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಸಣ್ಣ ಮೊತ್ತಕ್ಕೆ ಹೈಕೋರ್ಟ್ ಮೆಟ್ಟಿಲು ಯಾರು ಹತ್ತುತ್ತಾರೆ?

ಈ ತಡಕ್ಕೆ ಒಂದು ದೊಡ್ಡ ಕಾರಣ, ತೀರ್ಪು ಕೊಡುವವರು ಯಾರಾಗಿರಬೇಕು ಅನ್ನೋ ಜಗಳ. ಮೊದಲ ಕಾನೂನಿನ ಪ್ರಕಾರ ಪೀಠದಲ್ಲಿ ನ್ಯಾಯಾಂಗದ ಸದಸ್ಯರು ಒಬ್ಬರು, ತೆರಿಗೆ ಆಡಳಿತದಿಂದ ಬಂದ ತಾಂತ್ರಿಕ ಸದಸ್ಯರು ಇಬ್ಬರು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ರದ್ದು ಮಾಡಿತು. 2023ರ ತಿದ್ದುಪಡಿಯ ನಂತರ ಎರಡೂ ಕಡೆ ಇಬ್ಬಿಬ್ಬರು.

ಈಗ ಹೆಸರು ಶಿಫಾರಸು ಮಾಡುವ ಸಮಿತಿಗೆ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ ಅಧ್ಯಕ್ಷರು. ರಾಜ್ಯದ ತಾಂತ್ರಿಕ ಸದಸ್ಯರ ಆಯ್ಕೆಗೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ. ಮತ ಸಮವಾದರೆ ಅಧ್ಯಕ್ಷರ ಮತವೇ ಕೊನೆ. ಇದು ಒಳ್ಳೆಯ ಬದಲಾವಣೆ. ಆದರೆ ಕೇಂದ್ರದ ಸಮಿತಿಯಲ್ಲಿ ಕಂದಾಯ ಇಲಾಖೆಯ ಕಾರ್ಯದರ್ಶಿಯೂ ಕೂರುತ್ತಾರೆ. ಮತ ಇಲ್ಲ, ನಿಜ. ಆದರೂ ಇಲ್ಲಿ ಬರುವ ಪ್ರತಿ ಕೇಸಿನಲ್ಲೂ ತೆರಿಗೆ ಆಡಳಿತ ಒಂದು ಪಾರ್ಟಿ. ಅಂಪೈರ್ ಆರಿಸುವ ರೂಮಿನಲ್ಲಿ ಒಂದೇ ಟೀಮಿನ ಮ್ಯಾನೇಜರ್‌ಗೆ ಕುರ್ಚಿ ಯಾಕೆ?

ತೆರಿಗೆ ಲೆಕ್ಕ ಗೊತ್ತಿರೋರು ಬೇಡ್ವಾ ಅಂತ ಕೇಳಬಹುದು. ಬೇಕು, ಅದಕ್ಕೇ ಪೀಠದಲ್ಲಿ ತಾಂತ್ರಿಕ ಸದಸ್ಯರಿದ್ದಾರೆ. ನಮ್ಮ ರೀವ್ಯಾಲ್ಯುಯೇಶನ್‌ಗೂ ಸಬ್ಜೆಕ್ಟ್ ಗೊತ್ತಿರೋರೇ ಬೇಕು. ಆದರೆ ಮೊದಲು ಮಾರ್ಕ್ಸ್ ಹಾಕಿದವರೇ ಅವರನ್ನು ಆರಿಸಿದರೆ ನಾವು ಒಪ್ಪುತ್ತೇವಾ?

ಹಾಗಾಗಿ ನಾವು ಕೇಳುವುದು ಎರಡೇ. ಆ ಕುರ್ಚಿಯಲ್ಲಿ ತೆರಿಗೆಗೆ ಸಂಬಂಧವಿಲ್ಲದ ಅಧಿಕಾರಿ ಇರಲಿ. ಇನ್ನು, ಸದಸ್ಯರ ಅವಧಿ ಮುಗಿಯುವ ದಿನ ಮೊದಲೇ ಗೊತ್ತಿರುತ್ತೆ. ಅದಕ್ಕೆ ಆರು ತಿಂಗಳ ಮುಂಚೆ ಹೊಸ ಆಯ್ಕೆ ಶುರುವಾಗುವುದು ಕಡ್ಡಾಯವಾಗಲಿ. ನ್ಯಾಯಮಂಡಳಿಯ ಬೋರ್ಡ್ ಇದ್ದು ಒಳಗೆ ಕುರ್ಚಿ ಖಾಲಿ ಇದ್ದರೆ, ಬನಹಟ್ಟಿಯ ವ್ಯಾಪಾರಿಗೆ ಅದು ಮುಚ್ಚಿದ ಬಾಗಿಲೇ.